ಸದ್ದು ಜಾಸ್ತಿ ಇದ್ದರೆ ಗುರಿ ಸಿಗುತ್ತದಾ?

ನಮ್ಮ ಚಿಕ್ಕಮಗಳೂರು ಕಡೆ ಕೋವಿ ಅಂದರೆ ಯಾರೂ ಬೆಚ್ಚಿಬೀಳುವುದಿಲ್ಲ. ಎಷ್ಟೋ ತೋಟದ ಮನೆಗಳಲ್ಲಿ ಅಜ್ಜನ ಕಾಲದ ಜೋಡಿ ನಳಿಗೆ ಕೋವಿ ಇದೆ. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್. ಚುನಾವಣೆ ಬಂದರೆ ಠಾಣೆಗೆ ಕೊಡುತ್ತೇವೆ, ಮುಗಿದ ಮೇಲೆ ತಂದು ಎಣ್ಣೆ ಹಚ್ಚಿ ಬೀರುವಿಗೆ ಸೇರಿಸುತ್ತೇವೆ. ಗುರಿ ಹೊಡೆದು ಅಭ್ಯಾಸ ಮಾಡುವವರು ಮಾತ್ರ ಬಹಳ ಕಡಿಮೆ.

ಮಾತಿಗೇನೂ ಬರ ಇಲ್ಲ ಬಿಡಿ. ಮದುವೆ ಮನೆಯಲ್ಲಿ ಊಟ ಮುಗಿಸಿ ಎಲೆಅಡಿಕೆ ಹಾಕುವಾಗ ಶುರುವಾಗುತ್ತದೆ. "ಎಲ್‌ಜಿ ತೋಟಾ ಹಾಕಿದ್ರೆ ಮುಗೀತು ಮಾರಾಯ, ಗುರಿ ಗಿರಿ ಏನೂ ಬೇಡ!" ತೋಟಾ ಅಂದರೆ ಕೋವಿಗೆ ತುಂಬುವ ಕಾರ್ಟ್ರಿಜ್. ಎಲ್‌ಜಿ ತೋಟಾದಲ್ಲಿ ಇರುವುದೇ ಬೆರಳೆಣಿಕೆಯ ದಪ್ಪ ಗುಂಡುಗಳು. ಸ್ವಲ್ಪ ದೂರ ಹೋದರೆ ಒಂದಕ್ಕೊಂದು ಬೇರೆಯಾಗಿ, ನಡುವೆ ದೊಡ್ಡ ದೊಡ್ಡ ಜಾಗ ಖಾಲಿ. 6ನೇ ನಂಬರಿನ ತೋಟಾದಲ್ಲಿ ಇನ್ನೂರಕ್ಕೂ ಜಾಸ್ತಿ ಸಣ್ಣ ಚರೆ, ಅಂದರೆ ಕಾಳಿನಂಥ ಗುಂಡು, ಇರುತ್ತದೆ. ಅದರ ಹರಡುವಿಕೆಯೇ ಬೇರೆ. ಅದೂ ಸಾಲದು ಅಂತ, ಒಂದೇ ಕೋವಿಯ ಎರಡು ನಳಿಗೆಯೂ ಒಂದೇ ತರ ಇರುವುದಿಲ್ಲ. ಹಳೆ ಜೋಡಿ ನಳಿಗೆಗಳಲ್ಲಿ ಸಾಮಾನ್ಯವಾಗಿ ಬಲದ್ದು ಚರೆಯನ್ನು ಹರಡುತ್ತದೆ, ಎಡದ್ದು ಒತ್ತಾಗಿ ಕಳಿಸುತ್ತದೆ. ಅನುಮತಿ ಇರುವ ರೇಂಜಿನಲ್ಲಿ ದೊಡ್ಡ ಕಾಗದ ಕಟ್ಟಿ, ಒಂದೊಂದು ತರದ ತೋಟಾ ಹೊಡೆದು ನೋಡಿದರೆ ಕಣ್ಣಿಗೇ ಕಾಣುತ್ತದೆ. ಮೂವತ್ತು ವರ್ಷ ಕೋವಿ ಇಟ್ಟುಕೊಂಡವರೂ ಇದನ್ನು ನೋಡಿರುವುದಿಲ್ಲ ಅನ್ನುವುದೇ ನನಗೆ ಆಶ್ಚರ್ಯ.

ಒಂದೊಂದೇ ಸಣ್ಣ ಗುಂಡು ಹೊಡೆಯುವ ಪಾಯಿಂಟ್ 22 ರೈಫಲ್‌ದು ಇನ್ನೂ ಮಜಾ. ಜೋರಾಗಿ ಹೋಗುವ ಗುಂಡೇ ಒಳ್ಳೆಯದು ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ, ಅಲ್ವಾ? ಸ್ಪರ್ಧೆಗೆ ಮಾಡುವ ಗುಂಡು ಬೇಕಂತಲೇ ನಿಧಾನ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಅದಕ್ಕಿಂತ ಜೋರಾಗಿ ಹೊರಟ ಗುಂಡು ದಾರಿಯಲ್ಲಿ ವೇಗ ಕಳೆದುಕೊಂಡು ಆ ಗಡಿ ದಾಟುವಾಗ ಅಲುಗಾಡುತ್ತದೆ. ಮೊದಲಿಂದಲೇ ಅದರೊಳಗಿದ್ದರೆ ಆ ಗಲಾಟೆ ಇಲ್ಲ. ಒಂದು ರೈಫಲ್‌ಗೆ ಹೊಂದಿದ ಗುಂಡು ಅದೇ ಕಂಪನಿಯ ಇನ್ನೊಂದು ರೈಫಲ್‌ಗೆ ಹೊಂದದೇ ಹೋಗಬಹುದು. ಅದಕ್ಕೇ ದೊಡ್ಡ ಸ್ಪರ್ಧಿಗಳು ರೈಫಲನ್ನು ಬಿಗಿಯಾಗಿ ಕೂರಿಸಿ, ಬೇರೆ ಬೇರೆ ಲಾಟಿನ (ಒಂದೇ ಸಲಕ್ಕೆ ತಯಾರಾದ ಕಂತಿನ) ಗುಂಡು ಹೊಡೆದು ನೋಡಿ, ಆಮೇಲೆ ಕೊಳ್ಳುತ್ತಾರೆ.

ಹೊಸಬರ ಕೈಗೆ ಮೊದಲ ದಿನವೇ ಹನ್ನೆರಡು ಬೋರ್ ಕೋವಿ ಕೊಟ್ಟು ನಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಒಂದು ಒದೆ ತಿಂದರೆ ಸಾಕು, ಮುಂದಿನ ಈಡಿಗೆ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತದೆ, ಭುಜ ಬಿಗಿಯುತ್ತದೆ. ಆ ಹೆದರಿಕೆ ಬಿಡಿಸಲು ಆಮೇಲೆ ತಿಂಗಳುಗಟ್ಟಲೆ ಬೇಕು.

ಗಾಳಿಯ ಒತ್ತಡದಿಂದ ಹೊಡೆಯುವ ಏರ್ ರೈಫಲ್‌ನಿಂದ ಶುರು ಮಾಡಿ ಅಂದರೆ "ಅದು ಮಕ್ಕಳಾಟ" ಅನ್ನುತ್ತಾರೆ. 2008ರಲ್ಲಿ ಅಭಿನವ್ ಬಿಂದ್ರಾ ಬೀಜಿಂಗ್‌ನಲ್ಲಿ ಚಿನ್ನ ಗೆದ್ದಿದ್ದು ಅದೇ ಮಕ್ಕಳಾಟದಲ್ಲಿ. ಹತ್ತು ಮೀಟರ್ ದೂರ, 4.5 ಮಿ.ಮೀ. ಪೆಲೆಟ್ (ಏರ್ ರೈಫಲ್‌ನ ಸಣ್ಣ ಗುಂಡು), ನಡುವಿನ ಹತ್ತು ಅಂಕದ ಚುಕ್ಕಿ ಬರೀ ಅರ್ಧ ಮಿ.ಮೀ. ಒಂದು ಸಲ ನಿಂತು ನೋಡಿ, ನಿಮ್ಮ ಎದೆಬಡಿತವೇ ಗುರಿಯನ್ನು ಅಲ್ಲಾಡಿಸುತ್ತದೆ. ಪೆಲೆಟ್‌ನಲ್ಲೂ ಆಯ್ಕೆ ಇದೆ. ಚಪ್ಪಟೆ ಮೂತಿಯದ್ದು ಕಾಗದದಲ್ಲಿ ದುಂಡಗೆ ತೂತು ಕೊರೆಯುತ್ತದೆ, ಅಂಕ ಎಣಿಸುವುದು ಸುಲಭ. ಚೂಪು ಮೂತಿಯದ್ದು ನೋಡಲು ಭಯಂಕರ, ಗುರಿಗೆ ಅಷ್ಟಕ್ಕಷ್ಟೆ. ಸ್ಪ್ರಿಂಗಿನ ಏರ್‌ಗನ್ನನ್ನು ಬಿಗಿಯಾಗಿ ಹಿಡಿದಷ್ಟೂ ಕೆಡುತ್ತದೆ, ಸಡಿಲವಾಗಿ ಹಿಡಿಯಬೇಕು.

ಇದನ್ನೇ ಹಿಡಿದುಕೊಂಡು ಪಿಕಳಾರ ಹಕ್ಕಿ ಹೊಡೆಯಲು ಹೋಗುವ ಹುಡುಗರೂ ಇದ್ದಾರೆ. ಅದು ಆಟ ಅಲ್ಲ, 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಇನ್ನು ಮದುವೆ, ಜಾತ್ರೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸುವ ಶೂರರಿಗೆ, ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಎರಡೂ ಬೀಳಬಹುದು.

ಕೊಡಗಿನಲ್ಲಿ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನೋಡಿ. ಹೆಂಗಸರು, ಮಕ್ಕಳು ಎಲ್ಲ ಸಾಲು ನಿಲ್ಲುತ್ತಾರೆ. ನಮಗೇನು ಕಮ್ಮಿ? ಕೊಯ್ಲು ಇಲ್ಲದಾಗ ಕಾಫಿ ಗೋದಾಮುಗಳು ಸುಮ್ನೆ ಖಾಲಿ ಬಿದ್ದಿರುತ್ತವೆ. ಏರ್ ರೈಫಲ್ ಅಭ್ಯಾಸಕ್ಕೆ ಬೇಕಾದ ಹತ್ತು ಮೀಟರ್ ಜಾಗಕ್ಕೆ ಅಲ್ಲಿ ಕೊರತೆಯಾ? ಹಿಂದೆ ಗಟ್ಟಿ ತಡೆ, ಕಣ್ಣಿಗೆ ಕನ್ನಡಕ, ಹೇಳಿಕೊಡುವವರು ಒಬ್ಬರು, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದು. ಪೆಲೆಟ್ ಸೀಸದ್ದು, ಅದಕ್ಕೆ.

ಆಲ್ದೂರು, ಮೂಡಿಗೆರೆ ಕಡೆ ಗೋದಾಮು ಕೊಡುವವರಿದ್ದರೆ ಹೇಳಿ. ಠಾಣೆಯಲ್ಲಿ ವಿಚಾರಿಸಿಕೊಂಡೇ ಶುರು ಮಾಡೋಣ. ಪೆಲೆಟ್ ತಡೆಯುವ ಪೆಟ್ಟಿಗೆ ಮಾಡಿಸುವ ಖರ್ಚು ನನ್ನದು.