ಡಬ್ಬಿಯಲ್ಲಿಟ್ಟ ಚಾಕುಗಳು

ಹಳೆಯ ಮಾದರಿಯ ಮಡಚುವ ಚಾಕುಗಳನ್ನು ಕೂಡಿಡುವವರಲ್ಲಿ ಎಷ್ಟೋ ಜನ ಅವುಗಳಿಂದ ಒಂದು ದಾರವನ್ನೂ ಕತ್ತರಿಸಿರುವುದಿಲ್ಲ. ಕೊಂಡ ದಿನ ಹೇಗಿತ್ತೋ ಹಾಗೇ ಇರಬೇಕೆಂಬ ಆಸೆ. ನಾನೂ ಹಾಗೇ ಇದ್ದವನು. ಮುಚ್ಚಿಟ್ಟರೆ ಚಾಕು ಉಳಿಯುತ್ತದೆ ಎಂಬ ನಂಬಿಕೆ ಈಗ ನನಗಿಲ್ಲ.

ಅದು ಹೋದದ್ದು ಒಂದು ಡಬ್ಬಿ ತೆರೆದ ದಿನ. ಒಳಗಿದ್ದ ಏಳು ಚಾಕುಗಳಲ್ಲಿ ಒಂದರ ಹಿಡಿ ಸೆಲ್ಯುಲಾಯ್ಡ್ ಎಂಬ ಹಳೆಯ ಕಾಲದ ಪ್ಲಾಸ್ಟಿಕ್‌ನದು, ಜೇನಿನ ಬಣ್ಣ, ನೋಡಲು ಬಹಳ ಚೆಂದ. ಆದರೆ ಸೆಲ್ಯುಲಾಯ್ಡ್ ಹಳತಾದಂತೆ ಒಳಗೊಳಗೇ ಕೆಡುತ್ತದೆ, ಆಮ್ಲದ ಆವಿ ಬಿಡುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಆ ಆವಿ ಅಕ್ಕಪಕ್ಕದ ಅಲಗುಗಳನ್ನೆಲ್ಲ ತಿಂದಿತ್ತು. ಹಿತ್ತಾಳೆ ಭಾಗಗಳು ಹಸಿರುಗಟ್ಟಿದ್ದವು. ವಾರಕ್ಕೊಮ್ಮೆ ಕೈಗೆತ್ತಿಕೊಂಡಿದ್ದರೆ ಹಿಡಿಯಲ್ಲಿ ಮೂಡಿದ ಸಣ್ಣ ಬಿರುಕು, ಆ ಹುಳಿ ವಾಸನೆ, ಎರಡೂ ಮೊದಲೇ ಗೊತ್ತಾಗುತ್ತಿದ್ದವು. ಚರ್ಮದ ಚೀಲದಲ್ಲಿ ವರ್ಷಗಟ್ಟಲೆ ಇಡುವುದೂ ಅಷ್ಟೇ ಕೆಟ್ಟದ್ದು, ಚರ್ಮ ತೇವ ಹಿಡಿಯುತ್ತದೆ.

ಈಗ ನನ್ನ ಜೇಬಿನಲ್ಲಿರುವುದು ಓಪಿನೆಲ್ 8ನೇ ನಂಬರು. ಫ್ರಾನ್ಸಿನ ಸವೋಯ್ ಪ್ರಾಂತ್ಯದಲ್ಲಿ ಜೋಸೆಫ್ ಓಪಿನೆಲ್ 1890ರಲ್ಲಿ ರೂಪಿಸಿದ ಚಾಕುವಿನ ವಂಶದ್ದು. ಮರದ ಹಿಡಿ, ಕಾರ್ಬನ್ ಸ್ಟೀಲ್ ಅಲಗು, ಅಂದರೆ ಸ್ಟೇನ್‌ಲೆಸ್ ಅಲ್ಲದ ಉಕ್ಕು. ಅಲಗು ತಾನಾಗಿ ಮಡಚಿಕೊಳ್ಳದಂತೆ ತಿರುಗಿಸಿ ಬಿಗಿ ಮಾಡುವ ಉಂಗುರ ಬಂದದ್ದು 1955ರಲ್ಲಿ. ಮೊದಲ ಸಲ ಹಣ್ಣು ಕೊಯ್ದಾಗ ಅಲಗಿನ ಮೇಲೆ ನೀಲಿ, ಬೂದು ಕಲೆ ಎದ್ದವು. ಹೊಸಬರು ಗಾಬರಿಯಾಗಿ ಉಜ್ಜಿ ತೆಗೆಯುವುದು ಇದನ್ನೇ. ದಯವಿಟ್ಟು ತೆಗೆಯಬೇಡಿ! ಆ ಕಲೆಗಳ ಪದರ ಉಕ್ಕನ್ನು ತಿನ್ನುವ ಕೆಂಪು ತುಕ್ಕಲ್ಲ, ಕೆಂಪು ತುಕ್ಕು ಬೇಗ ಹತ್ತದಂತೆ ತಡೆಯುವಂಥದ್ದು. ಕೆಲಸವಾದ ಮೇಲೆ ಒರೆಸಿ ಒಣಗಿಸಿದರೆ ಸಾಕು. ಹಿಡಿಯನ್ನು ಮಾತ್ರ ನೀರಲ್ಲಿ ನೆನೆಹಾಕಬಾರದು, ಮರ ಉಬ್ಬಿದರೆ ಅಲಗು ಹೊರಗೆ ಬರುವುದಿಲ್ಲ.

ಪಾಲಿಶ್ ಮಾಡಿಸುವ ಚಟ ಇನ್ನೂ ಅಪಾಯ. ತಿರುಗುವ ಚಕ್ರಕ್ಕೆ ಅಲಗಿನ ತೆಳು ಬಾಯಿಯನ್ನು ಒತ್ತಿದರೆ ಕಾವು ಹೆಚ್ಚಿ ಉಕ್ಕಿನ ಹದವೇ ಹೋಗುತ್ತದೆ. ಅಲಗಿನ ಬುಡದ ಮುದ್ರೆಯೂ ಅಳಿಸುತ್ತದೆ. ಅಮೆರಿಕದ ಕೇಸ್ ಎಂಬ ಚಾಕು ಕಂಪನಿ 1970ರಿಂದ ಆ ಮುದ್ರೆಯ ಚುಕ್ಕಿಗಳಲ್ಲೇ ವರ್ಷವನ್ನು ಗುರುತಿಸುತ್ತ ಬಂತು. ಅದನ್ನು ಉಜ್ಜಿಬಿಟ್ಟರೆ ಚಾಕುವಿನ ವಯಸ್ಸು ಹೇಳುವವರು ಯಾರು?

ಬೀಗವಿಲ್ಲದ, ಹಿಡಿಯ ಬೆನ್ನಲ್ಲಿರುವ ಸ್ಪ್ರಿಂಗಿನ ಬಿಗಿಯಲ್ಲಷ್ಟೇ ನಿಲ್ಲುವ ಚಾಕುಗಳ ಮೇಲೆ ನನಗೆ ಹೆಚ್ಚು ಪ್ರೀತಿ. ಮೊನೆಯಿಂದ ಚುಚ್ಚಲು ಹೋದರೆ ಬೆರಳ ಮೇಲೇ ಮಡಚಿಕೊಳ್ಳುತ್ತವೆ. ಹಾಗಾಗಿ ಎಳೆದು ಕೊಯ್ಯುವುದನ್ನು, ಬಲ ಹಾಕದೆ ಹರಿತವನ್ನೇ ನಂಬುವುದನ್ನು ಕೈ ಕಲಿಯುತ್ತದೆ. ಜಪಾನಿನ ಹಿಗೊನೊಕಾಮಿಯಲ್ಲಿ ಸ್ಪ್ರಿಂಗೂ ಇಲ್ಲ. ಮಡಚಿದ ತಗಡೇ ಹಿಡಿ, ಅಲಗಿನ ಬಾಲವನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದರೆ ಅದೇ ಬೀಗ. ಪೆನ್ಸಿಲ್ ಕೆತ್ತಲು ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಮೂಲ ಹೊಳಪು ಉಳಿದಿರುವ, ಒಮ್ಮೆಯೂ ಮಸೆಯದ ನೂರು ವರ್ಷದ ಚಾಕು ಸಿಕ್ಕರೆ ಅದರ ಮಾತು ಬೇರೆ. ತೆಳುವಾಗಿ ಎಣ್ಣೆ ಸವರಿ ಹಾಗೇ ಇಡಿ, ಅಂಥವು ಕೆಲವೇ. ಉಳಿದವನ್ನು ಮಸೆಗಲ್ಲಿಗೆ ಹಚ್ಚಿ, ಕೆಲಸಕ್ಕೆ ತೆಗೆಯಿರಿ. ಹೊರಗೆ ಒಯ್ಯುವ ಮುನ್ನ ನೀವಿರುವಲ್ಲಿನ ಕಾನೂನು ನೋಡಿಕೊಳ್ಳಿ. ವಿಮಾನದ ಕೈಚೀಲದಲ್ಲಂತೂ ಬೇಡ.

ನಿಮ್ಮ ಸಂಗ್ರಹದಲ್ಲಿ ಸೆಲ್ಯುಲಾಯ್ಡ್ ಹಿಡಿಯದು ಒಂದಾದರೂ ಇದ್ದರೆ ಇವತ್ತೇ ಡಬ್ಬಿ ತೆರೆದು ಅದನ್ನು ಬೇರೆ, ಗಾಳಿಯಾಡುವ ಜಾಗದಲ್ಲಿಡಿ.