ಅಡುಗೆಯವನ ಊರು ಹುಬ್ಬಳ್ಳಿ

ಕಂಪನಿ ನಾಟಕದಲ್ಲಿ ವರ್ಷಾನುಗಟ್ಟಲೆ ಬಣ್ಣ ಹಚ್ಚಿದ ಹುಬ್ಬಳ್ಳಿಯ ನಟ, ಧಾರಾವಾಹಿಯ ಆಡಿಷನ್‌ಗೆಂದು ರಾತ್ರಿ ಬಸ್ಸಿಗೆ ಬೆಂಗಳೂರು ಸೇರುತ್ತಾನೆ. 'ಆ್ಯಕ್ಟಿಂಗ್ ಓಕೆ ಸರ್, ಆದ್ರೆ ನಿಮ್ಮೂರಿನ ರಾಗ ಬರ್ತಿದೆ' ಎಂಬ ಷರಾದೊಂದಿಗೆ ವಾಪಸು. ನಾಲಿಗೆ ತಿಕ್ಕಿ ತೊಳೆದು, 'ಹೋಗ್ತಿದೀನಿ, ಬರ್ತಿದೀನಿ' ಬಾಯಿಪಾಠ ಮಾಡಿ ಮತ್ತೆ ಹೋದರೆ ಪಾತ್ರ ಸಿಕ್ಕೇಬಿಡುತ್ತದೆ: ನಾಯಕಿಯ ಮನೆ ಅಡುಗೆಯವನು. ಅವನ ಊರು? ಹುಬ್ಬಳ್ಳಿ.

ಈಗ ಅವನಿಗೆ ಹುಬ್ಬಳ್ಳಿ ಮಾತು ಕಲಿಸಬೇಕಲ್ಲ! ತುಂಗಭದ್ರೆ ದಾಟದ ಸಹಾಯಕ ನಿರ್ದೇಶಕರು ಹಾಳೆ ಹಿಡಿದು ಬರುತ್ತಾರೆ.

'ಸರ್, ಪ್ರತಿ ಡೈಲಾಗ್‌ಗೂ ಏನ್ಲೇ ಮಗನ ಸೇರಿಸಿ.'

'ಅಲ್ರೀ, ಎದುರಿಗೆ ನಿಂತಾಕಿ ಮನಿ ಯಜಮಾನತಿ. ಅಕ್ಕಾರ ಅಂತೇವ್ರಿ ನಾವು. ಲೇ ಅಂದ್ರ ಸಂಜಿಗೇ ಗಂಟುಮೂಟಿ ಕಟ್ಟಸ್ತಾರ.'

'ಜವಾರಿ ಫೀಲ್ ಬರಲ್ಲ ಸರ್.'

ಯಜಮಾನತಿಯನ್ನು 'ಮಗನ' ಎಂದು ಕರೆದ ಮೇಲೆ ಫೀಲ್ ಬಂತು, ಟಿಆರ್‌ಪಿಯೂ ಬಂತಂತೆ.

ಕಿರುತೆರೆಯಲ್ಲಿ ನಮ್ಮವರಿಗೆ ಮೀಸಲಾತಿ ಉಂಟು ನೋಡಿ. ಅಡುಗೆಯವ, ಪೇದೆ, ವಾಚ್‌ಮನ್, ಖಳನಾಯಕನ ಪಕ್ಕ ಕೈಕಟ್ಟಿ ನಿಲ್ಲುವ ದಾಂಡಿಗ. ಪ್ರೀತಿ, ವಿರಹ, ಆಸ್ತಿಪತ್ರಕ್ಕೆ ಸಹಿ ಇವೆಲ್ಲ ಆಗುವುದು ಬೆಂಗಳೂರು ಕನ್ನಡದಲ್ಲೇ. ಬಸವಣ್ಣನ ಪಾತ್ರದಿಂದ ನಾಡಿಗೆಲ್ಲ ಹೆಸರಾಗಿ, ನೂರು ದಾಟಿ ಬದುಕಿ 2017ರಲ್ಲಿ ತೀರಿಕೊಂಡ ಏಣಗಿ ಬಾಳಪ್ಪನವರು ಇಂದು ಆಡಿಷನ್‌ಗೆ ಹೋಗಿದ್ದರೆ ಗೇಟಿನ ಬಳಿ ವಾಚ್‌ಮನ್ ಆಗುತ್ತಿದ್ದರು. ಗದಗದ ನಾಟಕ ಕಂಪನಿಯ ದಿಗ್ಗಜ ಗರುಡ ಸದಾಶಿವರಾಯರಿಗೆ ಪೇದೆಯ ಪಾತ್ರ, ಅದೂ ಎರಡು ಎಪಿಸೋಡು.

ಬೆಂಗಳೂರನ್ನಷ್ಟೇ ಬೈದರೆ ಅನ್ಯಾಯ. ಅಡುಗೆಯವ ಫೇಮಸ್ಸಾಗಿ ಕೊಪ್ಪೀಕರ್ ರಸ್ತೆಯ ಅಂಗಡಿ ಉದ್ಘಾಟನೆಗೆ ಬಂದಾಗ ಸೀಟಿ ಹೊಡೆದವರು ನಾವೇ. 'ಎಲ್ಲಾರೂ ಆರಾಮ್ ಅದೀರೇನ್ರಿ?' ಎಂದು ಅವನು ಕೇಳಿದಾಗ ಯಾರೂ ತಲೆ ಎತ್ತಲಿಲ್ಲ, ಮೊಬೈಲ್ ಕೆಳಗಿಳಿದವು. 'ಅದನ್ನ ಅನ್ರೀ ಸರ್, ಟಿವ್ಯಾಗಿಂದು!' ಅಂದರು. ಅವನು 'ಏನ್ಲೇ ಮಗನ' ಅಂದದ್ದೇ ತಡ, ಮೊಬೈಲ್ ಎಲ್ಲ ಮೇಲೆದ್ದವು.

ಈಗ ಹೊಸ ಧಾರಾವಾಹಿಯೊಂದು ಬರುತ್ತಿದೆ. ಈ ಸಲ ಕತೆಯ ನಾಯಕನೇ ಹುಬ್ಬಳ್ಳಿಯವನು! ಶೂಟಿಂಗ್ ಬೆಂಗಳೂರಿನ ಬಾಡಿಗೆ ಬಂಗಲೆಯಲ್ಲಿ. ಹುಬ್ಬಳ್ಳಿ ಎಂದು ಗೊತ್ತಾಗಲು ನಡುನಡುವೆ ಉಣಕಲ್ ಕೆರೆಯ ಡ್ರೋನ್ ಶಾಟ್. ನಾಯಕ ಮೈಸೂರಿನ ಹುಡುಗ, ಚೆಂದ ಇದ್ದಾನೆ. ಅವನಿಗೆ ಭಾಷೆ ಕಲಿಸಲು ನಮ್ಮ ನಟನನ್ನೇ ಕರೆಸಿದರು. ಕಲಿಸಿದ್ದನ್ನು ಕೇಳಿ ನಿರ್ದೇಶಕರು ತಲೆ ಅಲ್ಲಾಡಿಸಿದರು. 'ಇದು ಹುಬ್ಬಳ್ಳಿ ಥರ ಇಲ್ಲ ಸರ್. ಆ ಅಡುಗೆಯವನು ಮಾತಾಡ್ತಾನಲ್ಲ, ಹಂಗಿರ್ಲಿ.'