ಮಾನಿಟರ್ ಸಿಕ್ಕಿಸಿದರೆ ಫ್ಯಾನ್ ಯಾಕೆ ಬೊಬ್ಬೆ ಹೊಡೆಯುತ್ತದೆ?

ದೊಡ್ಡ ಮಾನಿಟರ್ ಸಿಕ್ಕಿಸಿದ ಕೂಡಲೇ ನನ್ನ ಲ್ಯಾಪ್‌ಟಾಪ್ ಬೊಬ್ಬೆ ಹೊಡೆಯಲು ಶುರು ಮಾಡುತ್ತಿತ್ತು. ಅಡುಗೆಮನೆಯಿಂದ ಅಮ್ಮ "ಎಂತದು ಮಾರಾಯ, ಮಿಕ್ಸಿ ನೀನು ಹಾಕಿದ್ದಾ?" ಎಂದು ಕೇಳುವಷ್ಟು. ಯಾವ ಪ್ರೋಗ್ರಾಮ್ ಎಷ್ಟು ದುಡಿಸುತ್ತಿದೆ ಎಂದು ಪಟ್ಟಿ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದರೆ ಸಿಪಿಯು, ಅಂದರೆ ಲ್ಯಾಪ್‌ಟಾಪಿನ ಮೆದುಳು, ಶೇ. 90 ದಾಟಿರುತ್ತದೆ. ನಾನು ಮಾಡುತ್ತಿದ್ದದ್ದೋ, ಒಂದು ಎಕ್ಸೆಲ್ ಶೀಟನ್ನು ಮೇಲೆ ಕೆಳಗೆ ಸರಿಸುವುದು. ಅಷ್ಟೇ.

ಬದಿಯಡ್ಕದ ಕಡೆ ಇಂಥ ವಿಷಯ ಮನೆಯೊಳಗೇ ಉಳಿಯುವುದಿಲ್ಲ. ಪಕ್ಕದ ತೋಟದ ಮಾವ "ವೋಲ್ಟೇಜ್" ಎಂದರು. ಬೇಸಿಗೆಯಲ್ಲಿ ಎಲ್ಲರೂ ಒಟ್ಟಿಗೆ ಅಡಿಕೆ ತೋಟಕ್ಕೆ ಸ್ಪ್ರಿಂಕ್ಲರ್ ಬಿಟ್ಟರೆ ಬಲ್ಬೇ ಮಂಕಾಗುತ್ತದೆ, ಇನ್ನು ನಿನ್ನ ಪೆಟ್ಟಿಗೆ ಎಂತ ಮಾಡೀತು ಎಂಬುದು ಅವರ ವಾದ. ಬ್ಯಾಟರಿಯಲ್ಲಿ ಓಡಿಸಿದರೂ ಅದೇ ರಾಗ ಮಾವ, ಎಂದೆ. ಅವರು ಬಿಡಲಿಲ್ಲ. "ಬ್ಯಾಟರಿಗೂ ಕರೆಂಟು ಇಲ್ಲಿಂದಲೇ ಹೋದದ್ದಲ್ವಾ?" ಅಮ್ಮನ ಪ್ರಕಾರ ಇದೆಲ್ಲ ಗುಡುಗು ಬಂದಾಗ ಪ್ಲಗ್ ತೆಗೆಯದ ಫಲ. ಕಾಸರಗೋಡು ಪೇಟೆಯ ಅಂಗಡಿಯ ಹುಡುಗ ಮುಟ್ಟಿಯೂ ನೋಡದೆ "ಫಾರ್ಮ್ಯಾಟ್ ಮಾಡುವ" ಎಂದ. ಆ ಅಂಗಡಿಯಲ್ಲಿ ಸ್ಪೀಕರ್ ಕೆಟ್ಟರೂ ಫಾರ್ಮ್ಯಾಟೇ ಮದ್ದು.

ಕೊನೆಗೆ ನಾನೇ ಕೂತು ನೋಡಿದೆ. ವಿಡಿಯೋ ಲ್ಯಾಪ್‌ಟಾಪ್ ಪರದೆಯಲ್ಲೇ ಓಡಿದರೆ ಸಿಪಿಯು ತೆಪ್ಪಗಿರುತ್ತದೆ. ಅದನ್ನೇ ಮಾನಿಟರಿಗೆ ಎಳೆದರೆ ಒಂದೇ ಜಿಗಿತ. ಏನೂ ಅಲುಗಾಡದ ಪುಟ ಇಟ್ಟರೆ ಮತ್ತೆ ಇಳಿತ. ಪಟ್ಟಿಯ ತಲೆಯಲ್ಲಿ ಕೂತವನು ಲ್ಯಾಪ್‌ಟಾಪಿಗೂ ಮಾನಿಟರಿಗೂ ನಡುವೆ ಸಿಕ್ಕಿಸಿದ ಯುಎಸ್‌ಬಿ ಕನ್ವರ್ಟರಿನ ಸಾಫ್ಟ್‌ವೇರ್!

ನನ್ನದು ತೆಳು ಲ್ಯಾಪ್‌ಟಾಪ್, ಮಾನಿಟರ್ ಸಿಕ್ಕಿಸುವ ಎಚ್‌ಡಿಎಂಐ ತೂತೇ ಇಲ್ಲ. ಅದಕ್ಕೇ ಈ ಕನ್ವರ್ಟರ್. 1920 x 1080ರ ಪರದೆಯೆಂದರೆ 20 ಲಕ್ಷಕ್ಕೂ ಜಾಸ್ತಿ ಚುಕ್ಕಿಗಳು, ಅದೂ ಸೆಕೆಂಡಿಗೆ 60 ಸಲ. ಇದ್ದ ಹಾಗೇ ಕಳಿಸಲು ಸೆಕೆಂಡಿಗೆ ಸುಮಾರು 3 ಗಿಗಾಬಿಟ್, ಅಂದರೆ 3000 ಮೆಗಾಬಿಟ್ ಬೇಕು. ಯುಎಸ್‌ಬಿ 2.0ರಲ್ಲಿ ಹೋಗುವುದು ಹೆಚ್ಚೆಂದರೆ 480 ಮೆಗಾಬಿಟ್. ಹಾಗಾಗಿ ಪ್ರತಿ ಚಿತ್ರವನ್ನೂ ಹಿಂಡಿ ಸಣ್ಣದು ಮಾಡಬೇಕು, ಆ ಹಿಂಡುವ ಕೆಲಸ ಪೂರ್ತಿ ಪಾಪದ ಸಿಪಿಯುವಿನ ತಲೆಗೆ. ಟೈಪ್-ಸಿ ತೂತಿನಲ್ಲಿ ಡಿಸ್‌ಪ್ಲೇಪೋರ್ಟ್ ಸೌಲಭ್ಯ ಇದ್ದರೆ ಈ ರಗಳೆಯೇ ಇಲ್ಲ, ಗ್ರಾಫಿಕ್ಸ್ ಚಿಪ್ಪಿನಿಂದಲೇ ಚಿತ್ರ ನೇರ ಹೊರಗೆ ಹೋಗುತ್ತದೆ. (ಎಲ್ಲ ಟೈಪ್-ಸಿಯಲ್ಲೂ ಇರುವುದಿಲ್ಲ, ನೋಡಿ ತೆಗೆದುಕೊಳ್ಳಿ.) ಪುಣ್ಯಕ್ಕೆ ನನ್ನದರಲ್ಲಿತ್ತು. ಮಂಗಳೂರಿನಿಂದ ಟೈಪ್-ಸಿ ಟು ಎಚ್‌ಡಿಎಂಐ ಕೇಬಲ್ ತರಿಸಿದೆ. ಫ್ಯಾನ್ ಸುಮ್ಮನಾಯಿತು.

ನಿಜವಾದ ಕಷ್ಟ ಶುರುವಾದದ್ದು ಆಮೇಲೆ. ಆ ಕನ್ವರ್ಟರ್ ಭಾವ ದುಬೈಯಿಂದ ಪ್ರೀತಿಯಲ್ಲಿ ತಂದು ಕೊಟ್ಟದ್ದು. ಮೊನ್ನೆ ವಿಡಿಯೋ ಕಾಲ್‌ನಲ್ಲಿ, "ಹೇಗುಂಟು, ಕೆಲಸ ಮಾಡ್ತದಾ?" ಎಂದು ಕೇಳಿದರು. ಅಕ್ಕ ಪಕ್ಕದಲ್ಲೇ ಕೂತಿದ್ದಳು. ಸುಮ್ನೆ ಸುಳ್ಳು ಯಾಕೆ ಅಂತ, "ಅದನ್ನು ಸಿಕ್ಕಿಸಿದರೆ ಸಿಪಿಯು ಒಂದು ಗಳಿಗೆಯೂ ಸುಮ್ಮನೆ ಕೂರುವುದಿಲ್ಲ ಭಾವ" ಎಂದೆ.

ಅವರಿಗೆ ಭಾರೀ ಖುಷಿಯಾಯಿತು. ಮುಂದಿನ ರಜೆಗೆ ಬರುವಾಗ ಅಪ್ಪನ ಕಂಪ್ಯೂಟರಿಗೂ ಒಂದು ತರುತ್ತಾರಂತೆ.